ಹಸಿ ಸ್ಲ್ಯಾಬಿನ ಮೇಲೆ ಹೊಸ ನೆಲ

ಮಳೆಗಾಲ ಮುಗಿದು ದಸರೆ ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಹೋಟೆಲುಗಳಿಗೆ ಹೊಸ ನೆಲದ ಹುಚ್ಚು ಹಿಡಿಯುತ್ತದೆ. ಹಳೆಯ ಫರಸಿ ಕಿತ್ತು ಹಾಕುವುದು, ಹೊಸದಾಗಿ ಕಾಂಕ್ರೀಟು ಸುರಿಯುವುದು, ಅದರ ಮೇಲೆ ಮರದ ಬಣ್ಣದ ವಿನೈಲ್ ಹಾಳೆ ಅಂಟಿಸಿ ಹಬ್ಬದ ದಿನ ಬಾಗಿಲು ತೆಗೆಯುವುದು. ಗಿರಾಕಿ ಬಂದು ನೋಡಿ ಆಹಾ ಎನ್ನುತ್ತಾನೆ. ಅವನು ಅರ್ಧ ಗಂಟೆ ಕುಳಿತು ಎದ್ದು ಹೋಗತಕ್ಕವನು. ರಾತ್ರಿ ಹನ್ನೊಂದೂವರೆಗೆ ಕುರ್ಚಿಗಳೆಲ್ಲ ಮೇಜಿನ ಮೇಲೇರಿದ ಬಳಿಕ ಅದೇ ನೆಲದ ಮೇಲೆ ಚಾಪೆ ಬಿಡಿಸಿ ಮಲಗುವವರು ಯಾರು? ಮಾಣಿ, ಕ್ಲೀನರ್, ರುಬ್ಬುವವನು, ದೋಸೆಯವನು. ಆದುದರಿಂದ ಆ ನೆಲದ ಅಡಿಯಲ್ಲಿ ಏನಿದೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮ್ಮದು.

ಅಡಿಯಲ್ಲಿರುವುದು ನೀರು. ಎಷ್ಟು ನೀರು ಎಂಬ ಲೆಕ್ಕ ಕೇಳಿದರೆ ಬಂಧುಗಳು ನಂಬಲಿಕ್ಕಿಲ್ಲ. ಒಂದು ಚೀಲ ಸಿಮೆಂಟು ಎಂದರೆ 50 ಕಿಲೋ. ಒಳ್ಳೆಯ ಕಾಂಕ್ರೀಟಿಗೆ ಸಿಮೆಂಟಿನ ತೂಕದ ಅರ್ಧದಷ್ಟು ನೀರು, ಅಂದರೆ ಚೀಲಕ್ಕೆ 25 ಲೀಟರ್. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಇಂಚು ದಪ್ಪದ ಸ್ಲ್ಯಾಬಿಗೆ ಏಳೆಂಟು ಚೀಲ ಸಿಮೆಂಟು ಹಿಡಿಯುತ್ತದೆ. ಹೆಚ್ಚುಕಡಿಮೆ 200 ಲೀಟರ್ ನೀರಾಯಿತು. ನಾವು ಹೋಟೆಲಿನ ಹಿತ್ತಲಲ್ಲಿ ನೀರು ತುಂಬಿಡುವ ದೊಡ್ಡ ಪೀಪಾಯಿ ಒಂದು ಪೂರ್ತಿ. ಸಿಮೆಂಟು ಗಟ್ಟಿಯಾಗಲು ತನ್ನೊಳಗೆ ಕಟ್ಟಿಕೊಳ್ಳುವುದು ಇದರ ಅರ್ಧದಷ್ಟು ಮಾತ್ರ. ಮಿಕ್ಕದ್ದರಲ್ಲಿ ಸ್ವಲ್ಪ ಒಳಗಿನ ಸಣ್ಣ ರಂಧ್ರಗಳಲ್ಲೇ ಸಿಕ್ಕಿಕೊಂಡು ಉಳಿಯುತ್ತದೆ, ಬಹುಪಾಲು ಮೇಲೆ ಬಂದು ಗಾಳಿಗೆ ಸೇರಬೇಕು. ಇದು ಅಳತೆ ಮಾಡಿ ನೀರು ಹಾಕಿದವರ ಲೆಕ್ಕ. ಕಲಸಿದ್ದು ಬಿಗಿಯಾಯಿತು, ಬುಟ್ಟಿಯಿಂದ ಸರಿಯಾಗಿ ಜಾರುವುದಿಲ್ಲ ಎಂದು ಇನ್ನೊಂದು ಬಕೆಟ್ ಸುರಿಯುವುದು ನಮ್ಮಲ್ಲಿ ನಡೆದೇ ಇದೆ. ಆ ಬಕೆಟು ಲೆಕ್ಕದ ಹೊರಗೆ.

ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಈ ಒಂದು ಮಾತು ಮಾಲಿಕರ ತಲೆಗೆ ಹೋದರೆ ಅರ್ಧ ಕೆಲಸ ಆದಂತೆ. ಇಡ್ಲಿ ಹಬೆಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಗಟ್ಟಿಯಾಯಿತೆಂದು ಅದು ಒಣಗಿತು ಎಂದು ಯಾರಾದರೂ ಹೇಳಿದ್ದುಂಟೇ? ಕಾಂಕ್ರೀಟೂ ಹಾಗೆಯೇ. ಅದು ನೀರಿನಲ್ಲಿ ಮುಳುಗಿದ್ದರೂ ಗಟ್ಟಿಯಾಗುತ್ತದೆ. ಅಷ್ಟೇ ಅಲ್ಲ, ಗಟ್ಟಿಯಾಗಬೇಕೆಂದೇ ಮೊದಲ ದಿನಗಳಲ್ಲಿ ಅದರ ಮೇಲೆ ನೀರು ನಿಲ್ಲಿಸುತ್ತಾರೆ, ಗೋಣಿ ಹಾಸಿ ನೆನೆಸುತ್ತಾರೆ. 2000ದಲ್ಲಿ ಬಂದ ಭಾರತೀಯ ಮಾನಕ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಹೀಗೆ ನೀರುಣಿಸಬೇಕೆನ್ನುತ್ತದೆ. ಗುತ್ತಿಗೆದಾರನು ಬಾಯಿಪಾಠ ಮಾಡಿರುವ ಇನ್ನೊಂದು ಅಂಕೆ 28 ದಿನ. "ಇಪ್ಪತ್ತೆಂಟು ದಿನ ಆಯ್ತು ಶೇಟ್, ಇನ್ನು ಏನು ಬೇಕಾದರೂ ಹಾಸಬಹುದು" ಎಂದು ಅವನು ಹೇಳುತ್ತಾನೆ, ಮಾಲಿಕರು ತಲೆಯಾಡಿಸುತ್ತಾರೆ. ಆ 28 ದಿನ ಕಾಂಕ್ರೀಟಿನ ಬಲ ಅಳೆಯುವ ದಿನ. ಒಣಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಣಗುವುದರ ಒರಟು ಲೆಕ್ಕ ಬೇರೆಯಿದೆ: ಇಂಚಿಗೆ ಒಂದು ತಿಂಗಳು. ನಾಲ್ಕು ಇಂಚಿನ ಸ್ಲ್ಯಾಬಿಗೆ ನಾಲ್ಕು ತಿಂಗಳು. ಈ ಎಣಿಕೆ ಸುರಿದ ದಿನದಿಂದಲ್ಲ, ನೀರುಣಿಸುವುದನ್ನು ನಿಲ್ಲಿಸಿ, ಮೇಲಿನಿಂದ ಮಳೆ ಬೀಳದಂತೆ ಮಾಡಿದ ದಿನದಿಂದ ಆರಂಭ. ಅದೂ ಗಾಳಿ ಒಣಗಿರುವ ಕಾಲದಲ್ಲಿ. ಪುಣೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗೆ ಹಾಕಿದ ಅಂಗಿಯೇ ಎರಡು ದಿನ ಒಣಗುವುದಿಲ್ಲ, ಸ್ಲ್ಯಾಬು ಒಣಗುತ್ತದೆಯೇ? ನವೆಂಬರಿನಲ್ಲಿ ಸುರಿದದ್ದು ಏಪ್ರಿಲಿನ ಹೊತ್ತಿಗೆ ಸರಿಯಾದೀತು. ಮೇ ತಿಂಗಳ ಕೊನೆಯಲ್ಲಿ ಸುರಿದದ್ದನ್ನು ದಸರೆಗೆ ಮುಚ್ಚುವುದೆಂದರೆ ಹಸಿಯನ್ನೇ ಮುಚ್ಚಿದಂತೆ. ನೆಲದ ಮೇಲೆ ಕುಳಿತ ಸ್ಲ್ಯಾಬಿಗೆ ಒಂದೇ ಬಾಗಿಲು. ಅಡಿಯಲ್ಲಿ ಮಣ್ಣು, ಮೇಲೆ ಮಾತ್ರ ಗಾಳಿ. ಮಾಳಿಗೆಯ ಸ್ಲ್ಯಾಬಿಗೆ ಎರಡೂ ಕಡೆ ಗಾಳಿಯಿರುವುದರಿಂದ ಅದರ ಸ್ಥಿತಿ ಎಷ್ಟೋ ವಾಸಿ.

ಇಷ್ಟೂ ಕಲಸಿದ ನೀರಿನ ಮಾತು. ಅದು ಒಂದು ದಿನ ಮುಗಿಯುವ ನೀರು. ನೆಲಮಟ್ಟದ ಹೋಟೆಲಿಗೆ, ಪೇಟೆಯ ಹಳೆಯ ವಾಡೆಗೆ, ಚಾಳಿನ ಕೆಳಗಿನ ಖೋಲಿಗೆ ಮುಗಿಯದ ನೀರೊಂದಿದೆ. ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲಕ್ಕೇರಿಸುವ ಹಾಗೆ ಕಾಂಕ್ರೀಟು ಮಣ್ಣಿನ ಪಸೆಯನ್ನು ಹೀರಿ ಮೇಲಕ್ಕೇರಿಸುತ್ತದೆ. ಇದಕ್ಕೆ ಮದ್ದು ಕಟ್ಟುವಾಗಲೇ ಆಗಬೇಕು: ಮಣ್ಣಿಗೂ ಕಾಂಕ್ರೀಟಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಗಡಿಯವರು 1000 ಗೇಜ್ ಎನ್ನುತ್ತಾರೆ, ಅಂದರೆ 250 ಮೈಕ್ರಾನ್. ಹರಿಯದಂತೆ, ಸೇರುವಲ್ಲಿ ಒಂದರ ಮೇಲೊಂದು ಬರುವಂತೆ ಹಾಸಬೇಕು. ಹಳೆಯ ಕಟ್ಟಡಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ. ಇದರ ಮೇಲೆ ಅಡಿಗೆ ಮನೆಯ ಒಡೆದ ಮೋರಿ, ಗೋಡೆಯೊಳಗೆ ಸೋರುವ ನಳ. ಮೊದಲು ಇವನ್ನು ಸರಿಪಡಿಸದೆ ನೆಲ ಒಣಗಲಿ ಎಂದು ಕಾಯುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆಯೇ.

ಹಸಿಯ ಮೇಲೆ ಹಾಳೆ ಅಂಟಿಸಿದರೆ ಆಗುವುದೇನು? ಮೇಲೆ ಬರುವ ನೀರು ಹಾಳೆಯ ಅಡಿಯಲ್ಲಿ ತಡೆದು ನಿಲ್ಲುತ್ತದೆ. ಬರುವಾಗ ಸಿಮೆಂಟಿನ ಕ್ಷಾರವನ್ನೂ ಕರಗಿಸಿಕೊಂಡು ತರುತ್ತದೆ. ಆ ಕ್ಷಾರ ಅಂಟನ್ನು ತಿಂದು ಬೆಲ್ಲದ ಪಾಕದಂತೆ ಮಾಡುತ್ತದೆ. ಹಾಳೆ ಅಲ್ಲಲ್ಲಿ ಪೂರಿಯಂತೆ ಉಬ್ಬುತ್ತದೆ, ಅಂಚು ಮಡಚಿಕೊಳ್ಳುತ್ತದೆ. ಅಡಿಯಲ್ಲಿ ಕರಿ ಬೂಸ್ಟು. ಬೆಳಿಗ್ಗೆ ಬಾಗಿಲು ತೆಗೆದಾಗ ಬರುವ ಆ ಮುಗ್ಗು ವಾಸನೆಯನ್ನು ಮರೆಸಲು ಊದುಬತ್ತಿ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ದೇವರ ಪಟಕ್ಕೆ ಎರಡು, ನೆಲದ ವಾಸನೆಗೆ ನಾಲ್ಕು!

ನಾನು ದುಡಿಯುತ್ತಿದ್ದ ಒಂದು ಹೋಟೆಲಿನಲ್ಲಿ ದೀಪಾವಳಿಗೆ ಹಾಸಿದ ಹಾಳೆ ಸಂಕ್ರಾಂತಿಗೆ ಉಬ್ಬಿತು. ಅಡಿಗೆ ಮನೆಯ ಬಾಗಿಲ ಬಳಿ ಎದ್ದಿದ್ದ ಅಂಚಿಗೆ ಕಾಲು ಸಿಕ್ಕಿ, ಸಾಂಬಾರಿನ ಪಾತ್ರೆ ತರುತ್ತಿದ್ದ ಹುಡುಗನೊಬ್ಬ ಬಿದ್ದ. ಮೊಣಕೈಯಿಂದ ಬೆರಳಿನವರೆಗೆ ಸುಟ್ಟಿತು. ಹದಿನೆಂಟು ದಿನ ಕೆಲಸಕ್ಕೆ ಬರಲಾಗಲಿಲ್ಲ. ಹದಿನೆಂಟು ದಿನದ ಸಂಬಳ ಕಡಿದರು, ಚೆಲ್ಲಿದ ಸಾಂಬಾರಿನ ಬೆಲೆಯನ್ನೂ ಸೇರಿಸಿ ಕಡಿದರು. "ನೋಡಿ ನಡೆಯಬೇಕಿತ್ತು" ಎಂಬುದು ಧಣಿಗಳ ತೀರ್ಪು. ಆ ನೆಲ ಹಾಸಿದವನು ಕಲಬುರ್ಗಿ ಕಡೆಯ ಗವಂಡಿ. ಹಾಸುವ ದಿನವೇ ಅವನು ನನಗೆ ಹೇಳಿದ್ದ: "ಅಡಿಗಿ ಇನ್ನಾ ಹಸಿ ಅದರಿ ಅಣ್ಣಾ. ನಾವ್ ಹೇಳಿದ್ರ ಯಾರ್ ಕೇಳ್ತಾರ? ಚದರ ಅಡಿ ಲೆಕ್ಕದಾಗ ರೊಕ್ಕಾ, ನಾಳಿಗಿ ಮುಗಸಂದಾರ." ತಿಳಿದವನಿಗೆ ಹೇಳುವ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ಕೇಳುವ ವ್ಯವಧಾನವಿಲ್ಲ. ಗವಂಡಿಯನ್ನು ಬೈಯುವುದು ಸುಲಭ, ಅವನೂ ನಮ್ಮ ಹಾಗೆ ಕೂಲಿಯವನೇ. ಗಡುವು ಇಟ್ಟವರು ಯಾರೋ ಹೊಣೆ ಅವರದು.

ಹಸಿಯೋ ಒಣಗಿದೆಯೋ ತಿಳಿಯುವುದು ಹೇಗೆ? ಮೇಲೆ ಕೈಯಾಡಿಸಿ ನೋಡಿದರೆ ತಿಳಿಯುವುದಿಲ್ಲ. ಮೇಲ್ಮೈ ಒಣಗಿ ಬಿಳಿಚಿಕೊಂಡಿರುತ್ತದೆ, ಎರಡಿಂಚು ಕೆಳಗೆ ನೀರು ಕುಳಿತಿರುತ್ತದೆ. ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ತೆಗೆದರೆ ಮುಚ್ಚಳದ ಒಳಮೈ ಬೆವರಿರುವುದಿಲ್ಲವೇ? ಅದೇ ಉಪಾಯ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸ್ಲ್ಯಾಬಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಅಗಲದ ಅಂಟುಪಟ್ಟಿ ಹಚ್ಚಿ, ಗಾಳಿ ಆಡದಂತೆ ಕನಿಷ್ಠ 16 ಗಂಟೆ ಬಿಡಬೇಕು. ರಾತ್ರಿ ಹನ್ನೊಂದಕ್ಕೆ ಹಚ್ಚಿದರೆ ಮರುದಿನ ಮಧ್ಯಾಹ್ನ ಮೂರಕ್ಕೆ ತೆಗೆಯಬಹುದು. ವಾರದ ರಜೆಯ ಒಂದು ದಿನ ಸಾಕು. ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಅಥವಾ ಆ ಚೌಕದ ಕಾಂಕ್ರೀಟು ಕಪ್ಪಾಗಿದ್ದರೆ, ನೆಲ ಹಾಸಕೂಡದು. ಒಂದೇ ಕಡೆ ಅಲ್ಲ, ಗೋಡೆಯ ಹತ್ತಿರ, ಮೋರಿಯ ಹತ್ತಿರ, ನಡುವೆ, ಹೀಗೆ ಮೂರು ನಾಲ್ಕು ಕಡೆ ಹಚ್ಚಬೇಕು.

ಊರಿನವರಿಗೆ ಇಲ್ಲೊಂದು ಸಂಶಯ ಬರುತ್ತದೆ. ಆಟಿ ತಿಂಗಳಲ್ಲಿ ನಮ್ಮ ಮನೆಯ ನೆಲವೂ ಬೆವರುತ್ತಿತ್ತಲ್ಲ, ಅದು ಅಡಿಯ ನೀರೇ? ಅಲ್ಲವಾದರೂ ಇರಬಹುದು. ತಣ್ಣನೆಯ ನೆಲಕ್ಕೆ ಒದ್ದೆ ಗಾಳಿ ತಾಗಿದರೆ ಮೇಲಿನಿಂದಲೇ ಬೆವರುತ್ತದೆ. ಹನಿ ಹಾಳೆಯ ಮೇಲೆ ಕೂತಿದ್ದರೆ ಅದು ಗಾಳಿಯದು, ಅಡಿಯಲ್ಲಿ ಕೂತಿದ್ದರೆ ಸ್ಲ್ಯಾಬಿನದು.

ಈ ಹಾಳೆಯ ಪರೀಕ್ಷೆಗೆ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು. ಹನಿ ಕಂಡರೆ ಹಸಿಯೆಂಬುದು ಖಂಡಿತ. ಹನಿ ಕಾಣದಿದ್ದರೆ ಒಣಗಿದೆಯೆಂದು ಖಂಡಿತವಾಗಿ ಹೇಳಲಾಗದು. ಆಳದ ನೀರು ಒಂದು ರಾತ್ರಿಯಲ್ಲಿ ಮೇಲೆ ಬಾರದೆಯೂ ಇರಬಹುದು. ಲಕ್ಷಗಟ್ಟಲೆ ಖರ್ಚು ಮಾಡಿ ಹಾಸುವವರು ಅಳತೆಯ ಪರೀಕ್ಷೆ ಮಾಡಿಸಬೇಕು. ಒಂದರಲ್ಲಿ, ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪನ್ನು ತೂಗಿ, ಬಟ್ಟಲಲ್ಲಿ ನೆಲದ ಮೇಲಿಟ್ಟು, ಮೇಲೆ ಡಬ್ಬಿ ಮುಚ್ಚಿ, 60ರಿಂದ 72 ಗಂಟೆಯ ಬಳಿಕ ಮತ್ತೆ ತೂಗುತ್ತಾರೆ. ಸಾವಿರ ಚದರ ಅಡಿಗೆ ದಿನಕ್ಕೆ 3 ಪೌಂಡ್ ನೀರು ಎಂಬುದು ಬಹಳ ಕಾಲದಿಂದ ನಡೆದುಬಂದ ಮಿತಿ. ಇನ್ನೂರು ಚದರ ಅಡಿಯ ಕೋಣೆಗೆ ಅದು ಕಾಲು ಲೀಟರಿಗೆ ಸ್ವಲ್ಪ ಮೇಲೆ, ದೊಡ್ಡ ಲೋಟ ಒಂದು. ಅದಕ್ಕಿಂತ ಹೆಚ್ಚು ಏಳುತ್ತಿದ್ದರೆ ಅಂಟು ತಾಳದು.

ಎರಡನೆಯದು ತೂತು ಕೊರೆಯುವ ಪರೀಕ್ಷೆ. ಸ್ಲ್ಯಾಬಿನ ದಪ್ಪದ ನೂರರಲ್ಲಿ 40 ಭಾಗದಷ್ಟು ಆಳಕ್ಕೆ, ಅಂದರೆ ನಾಲ್ಕಿಂಚಿನದಾದರೆ ಒಂದೂವರೆ ಇಂಚಿಗೆ ತುಸು ಹೆಚ್ಚು, ಕೊರೆದು ಮುಚ್ಚಿ, ಒಂದು ದಿನ ಬಿಟ್ಟು ಒಳಗಿನ ಗಾಳಿಯ ತೇವವನ್ನು ಯಂತ್ರದಿಂದ ಓದುತ್ತಾರೆ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿ ಒಣಗಿದರೆ ನೂಲು ಹರಿಯುತ್ತದೆಂದು ಮಗ್ಗದ ಖಾತೆಯಲ್ಲಿ ನೀರಿನ ತುಂತುರು ಬಿಟ್ಟು, ಗೋಡೆಯ ಮೇಲಿನ ಅಳತೆ ನೋಡಿ ನೋಡಿ ಕೆಲಸ ಮಾಡಿದವರು ಅವರು. ಅದೇ ಶೇಕಡಾ ಲೆಕ್ಕ. ನೂಲಿಗೆ ಬೇಕಾದ 80 ನೆಲದೊಳಗೆ ಇದ್ದರೆ ಕೇಡು. ಹಲವು ವಿನೈಲ್ ಕಂಪನಿಗಳು 75ಕ್ಕಿಂತ ಕೆಳಗಿರಬೇಕೆಂದು ತಮ್ಮ ಕಾಗದದಲ್ಲೇ ಬರೆದಿರುತ್ತವೆ. ಆ ಕಾಗದ ಪೆಟ್ಟಿಗೆಯೊಳಗೇ ಬರುತ್ತದೆ. ಓದದೆ ರದ್ದಿಗೆ ಹಾಕುತ್ತಾರೆ, ಅಷ್ಟೇ.

ಅವಸರದವರು ಇನ್ನೊಂದು ಸಾಹಸ ಮಾಡುವುದುಂಟು. ಬಾಗಿಲು ಮುಚ್ಚಿ ಒಳಗೆ ಗ್ಯಾಸಿನ ದೊಡ್ಡ ಒಲೆ ಹಚ್ಚಿಟ್ಟು ನೆಲ "ಒಣಗಿಸುವುದು". ಅಡಿಗೆಯವರು ಕೇಳಬೇಕು: ಒಂದು ಕಿಲೋ ಗ್ಯಾಸು ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಿನ ಆವಿ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಆವಿ ಹೋಗುವುದೆಲ್ಲಿಗೆ? ಮೇಲಾಗಿ ಮುಚ್ಚಿದ ಜಾಗದಲ್ಲಿ ಒಲೆ ಹಚ್ಚಿಟ್ಟರೆ ವಿಷದ ಗಾಳಿ ತುಂಬಿ ಪ್ರಾಣವೇ ಹೋದೀತು. ಬಾಗಿಲು ಕಿಟಕಿ ತೆರೆದು ಫ್ಯಾನು ತಿರುಗಿಸುವುದೇ ಸರಿ. ಹೊರಗೆ ಮಳೆಯಿದ್ದರೆ ಬಾಗಿಲು ಮುಚ್ಚಿ, ಗಾಳಿಯಿಂದ ನೀರು ಹಿಂಡುವ ಯಂತ್ರವನ್ನು ತರಿಸಬೇಕು.

"ನಾಲ್ಕು ತಿಂಗಳು ಬಾಗಿಲು ಹಾಕಿ ಕೂತರೆ ನಿಮ್ಮ ಸಂಬಳ ಯಾರು ಕೊಡುತ್ತಾರೆ?" ಎಂದು ಮಾಲಿಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಹಾರಿಸಿಬಿಡುವುದು ಸರಿಯಲ್ಲ. ಆದರೆ ಬಾಗಿಲು ಹಾಕಿರೆಂದು ಹೇಳಿದವರು ಯಾರು? ಬರಿಯ ಸ್ಲ್ಯಾಬಿನ ಮೇಲೆಯೇ ವ್ಯಾಪಾರ ನಡೆಸಬಹುದು. ಇಡ್ಲಿ ತಿನ್ನುವವನು ನೆಲ ನೋಡಿ ಬರುವವನಲ್ಲ. ಅಷ್ಟೂ ಆಗದಿದ್ದರೆ ಹಸಿಯನ್ನು ತಡೆಯಲೆಂದೇ ತಯಾರಾದ ಎಪಾಕ್ಸಿ ಲೇಪವಿದೆ, ಸ್ಲ್ಯಾಬಿನ ಮೈ ಉಜ್ಜಿ ಹಚ್ಚಬೇಕು, ಖರ್ಚು ಹೆಚ್ಚು. ಸಾಮಾನ್ಯ ಬಣ್ಣವನ್ನೇ ಎಪಾಕ್ಸಿ ಎಂದು ಹಚ್ಚುವ ಗುತ್ತಿಗೆದಾರರೂ ಇದ್ದಾರೆ, ಡಬ್ಬಿ ನೋಡಿಕೊಳ್ಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ನೆಲಮಟ್ಟದ ಹೋಟೆಲಿಗೆ ವಿನೈಲೇ ಬೇಡ. ಪುಣೆಗೆ ಹೊಂದಿದ ನೆಲ ಪುಣೆಯಲ್ಲಿ ಮೊದಲಿನಿಂದಲೂ ಇದೆ, ಅದು ಶಹಾಬಾದಿ ಫರಸಿ. ಎಲ್ಲಿಯದು ಆ ಕಲ್ಲು? ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದಿನದು. ಭೀಮೆಯ ಸೀಮೆಯ ಆ ಸುಣ್ಣಕಲ್ಲು ಪದರು ಪದರಾಗಿ ತಾನೇ ಬಿಡಿಸಿಕೊಳ್ಳುತ್ತದೆ, ಸೊಲ್ಲಾಪುರದ ಮೇಲಿನ ರೈಲು ಹಾದಿಯಲ್ಲಿ ಇತ್ತ ಬಂದು ಈ ಊರಿನ ವಾಡೆ, ಚಾಳು, ಅಡಿಗೆ ಮನೆಗಳನ್ನೆಲ್ಲ ತುಂಬಿತು. ಅದೇ ಜಿಲ್ಲೆಯ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟಿನ ಕಾರಖಾನೆಗಳಿವೆ. ಅದೇ ಜಿಲ್ಲೆಯ ಜನ ಅದೇ ಹಾದಿಯಲ್ಲಿ ಬಂದು ಇಲ್ಲಿ ಬುಟ್ಟಿ ಹೊರುತ್ತಾರೆ. ಕಲ್ಲು ಕನ್ನಡದ್ದು, ಸಿಮೆಂಟು ಕನ್ನಡದ್ದು, ಹೊತ್ತವನು ಕನ್ನಡಿಗ, ಮೇಲೆ ಮಲಗುವವನೂ ಕನ್ನಡಿಗ; ಹಸಿ ಮಾತ್ರ ಯಾರದೂ ಅಲ್ಲವಂತೆ! ಇರಲಿ. ಫರಸಿಯನ್ನು ಗಾರೆಯಲ್ಲಿ ಕೂರಿಸುತ್ತಾರೆ, ಅಂಟಿನಲ್ಲಿ ಅಲ್ಲ. ಸಂದಿಗಳಲ್ಲಿ ಪಸೆ ಹೊರಬರಲು ದಾರಿಯಿದೆ. ಅದು ಉಬ್ಬುವುದಿಲ್ಲ, ಕೊಳೆಯುವುದಿಲ್ಲ. ಹೆಚ್ಚೆಂದರೆ ಬಿಳಿ ಉಪ್ಪು ಮೇಲೇಳುತ್ತದೆ, ಒರೆಸಿ ತೆಗೆಯಬಹುದು. ಫರಸಿ ಹಾಕಿದ ಮಾತ್ರಕ್ಕೆ ಹಸಿ ಹೋಗುತ್ತದೆಂದಲ್ಲ; ಮಲಗುವವನಿಗೆ ಥಂಡಿ ತಗಲಿಯೇ ತಗಲುತ್ತದೆ. ಆದರೆ ಇದ್ದ ಹಸಿ ಕಣ್ಣಿಗೆ ಕಾಣುತ್ತದೆ, ಕಂಡದ್ದಕ್ಕೆ ಉಪಾಯ ಮಾಡಬಹುದು.

1948ರ ಫ್ಯಾಕ್ಟರಿ ಕಾಯಿದೆಯ 11ನೇ ಕಲಮಿನಲ್ಲಿ, ಕೆಲಸದಿಂದ ನೆಲ ಒದ್ದೆಯಾಗುವಲ್ಲಿ ನೀರು ಹರಿದು ಹೋಗಲು ವ್ಯವಸ್ಥೆ ಇರಬೇಕೆಂದು ಬರೆದಿತ್ತು. ಅಂದರೆ ಗಿರಣಿಯವನ ಕಾಲಿಗೆ ತಾಗುವ, ನೆಲದ ಮೇಲಿನ ನೀರನ್ನು ಕಾನೂನು ಅಂದೇ ಕಂಡಿತ್ತು. ನೆಲದೊಳಗಿನ ನೀರಿನ ಮೇಲೆ ಬೆನ್ನಿಟ್ಟು ಮಲಗುವವನೊಬ್ಬ ಇದ್ದಾನೆಂಬುದು ಆ ಕಲಮಿಗೆ ಹೊಳೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ತೇವ ಮತ್ತು ಬೂಸ್ಟು ಇರುವ ಕಟ್ಟಡಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆಯೂ ಅಸ್ತಮಾವೂ ಹೆಚ್ಚೆಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ಹುಡುಗರ ಮುಗಿಯದ ನೆಗಡಿ, ಬೆಳಗಿನ ಕೆಮ್ಮು, ಇವನ್ನೆಲ್ಲ "ಪುಣೆಯ ಹವಾ" ಎಂದು ತಳ್ಳಿಹಾಕುವವರು ಒಮ್ಮೆ ಚಾಪೆ ಎತ್ತಿ ಅಡಿಯನ್ನು ನೋಡಲಿ.

ಹೋಟೆಲಿನ ಮಾತಾಯಿತು. ನಮ್ಮವರೇ ಸಾಲ ಸೋಲ ಮಾಡಿ ಕೊಂಡ ಸಣ್ಣ ಮನೆಗಳೂ ಇವೆ. ಮಗಳ ಮದುವೆಗೆಂದು ಮೂರು ದಿನದಲ್ಲಿ ನೆಲ ಬದಲಾಯಿಸುವವರಿದ್ದಾರೆ. ನೆರೆ ಹೊಕ್ಕ ಮನೆಯವರಂತೂ ಬಹಳ ಎಚ್ಚರದಿಂದಿರಬೇಕು. 1961ರ ಜುಲೈ 12ರಂದು ಪಾನಶೇತ ಒಡೆದಾಗ ನದೀತೀರದ ಪೇಟೆಗಳಿಗೆ ನೀರು ನುಗ್ಗಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ ಓಢೆ ಉಕ್ಕಿ ಹರಿದದ್ದು, 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ಬಂದದ್ದು ನಮ್ಮ ಕಣ್ಣೆದುರಿನದೇ. ನೆನೆದ ಸ್ಲ್ಯಾಬು ಎಷ್ಟು ಹಳೆಯದಾದರೂ ಮತ್ತೆ ಹಸಿ ಸ್ಲ್ಯಾಬೇ. ಕೆಸರು ತೊಳೆದ ಎಂಟು ದಿನಕ್ಕೆ ಅದರ ಮೇಲೆ ಹಾಳೆ ಹಾಸಬಾರದು. ಪರಿಹಾರದ ಹಣ ಅದಕ್ಕೇ ಹೋಗಿ, ಮುಂದಿನ ಮಳೆಗೆ ಅದನ್ನೂ ಕಿತ್ತು ಎಸೆಯಬೇಕಾದೀತು.

ಈ ಸಲ ಹಬ್ಬದ ಮೊದಲು ಬೋನಸಿನ ಮಾತುಕತೆಗೆ ಕೂರುವಾಗ ಈ ವಿಷಯವನ್ನೂ ಮುಂದಿಡಬೇಕೆಂದು ನನ್ನ ಸೂಚನೆ. ಕೇಳಬೇಕಾದದ್ದು ಇಷ್ಟು: ನೆಲ ಬದಲಾಯಿಸುವ ಮೊದಲು ಹಾಳೆಯ ಪರೀಕ್ಷೆ ಆಗಬೇಕು, ತೆಗೆಯುವಾಗ ಕೆಲಸಗಾರರಲ್ಲಿ ಇಬ್ಬರು ಎದುರಿಗಿರಬೇಕು, ಹನಿ ಕಂಡರೆ ಹಾಸುವುದನ್ನು ಮುಂದೂಡಬೇಕು, ಉಬ್ಬಿದ ನೆಲದಿಂದ ಬಿದ್ದು ಗಾಯವಾದರೆ ಸಂಬಳ ಕಡಿಯಕೂಡದು, ನೆಲಮಟ್ಟದಲ್ಲಿ ಮಲಗುವವರಿಗೆ ನಾಲ್ಕಿಂಚು ಎತ್ತರದ ಹಲಗೆಯ ಮಂಚ ಕೊಡಬೇಕು, ಗೋಡೆಗೆ ತಾಗದಂತೆ, ಅಡಿಯಲ್ಲಿ ಗಾಳಿಯಾಡುವಂತೆ. ಮಾತುಕತೆ ಮುಗಿಯುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಹಾಳೆ ಮತ್ತು ಅಂಟುಪಟ್ಟಿ ತಂದು ಮುಂದಿನ ರಜೆಯ ಹಿಂದಿನ ರಾತ್ರಿಯೇ, ನೆಲ ಬರಿದಾಗಿರುವ ಕಡೆ, ಮಲಗುವ ಜಾಗದ ಪಕ್ಕದಲ್ಲಿ ಹಚ್ಚಿ ನೋಡಿ. ಹಚ್ಚುವ ಮೊದಲು ಆ ಜಾಗವನ್ನು ಗುಡಿಸಿ ಒರೆಸಬೇಕು, ನೀರು ಹಾಕಿ ತೊಳೆಯಬಾರದು. ಧೂಳಿದ್ದರೆ ಪಟ್ಟಿ ಹಿಡಿಯುವುದಿಲ್ಲ, ತೊಳೆದರೆ ನಾವು ಹಾಕಿದ ನೀರೇ ಹನಿಯಾಗಿ ಕಂಡು ಧಣಿಗಳಿಗೆ ವಾದಕ್ಕೆ ದಾರಿಯಾಗುತ್ತದೆ. ಏನು ಕಂಡಿತೆಂದು ಹೋಟೆಲಿನ ಹೆಸರು, ತಾರೀಖು ಹಾಕಿ ಸಂಘದ ಕಚೇರಿಗೆ ಬರೆದು ಕಳಿಸಿ.